ತೊಟ್ಟಿಲು ಬಂಡೆಯ ಮೇಲೆ ಒಂದು ‘ನೋ’

ನಮ್ಮ ಕೊಲ್ಲಿಯಲ್ಲಿ ನನ್ನಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ನಾನು ಒಂದೇ ಉಸಿರಿಗೆ ನಾಲ್ಕು ನಿಮಿಷ ನೀರಿನಡಿ ಇರಬಲ್ಲೆ, ದಾರಿ ತಪ್ಪಿದ ಮೀನುಗಳು ನನ್ನನ್ನೇ ವಿಚಾರಿಸುತ್ತವೆ ಎಂಬುದನ್ನು ಊರೇ ಒಪ್ಪಿದೆ. ಇಂಗ್ಲಿಷಿನ ಮಾತು ಬಂದಾಗ ಮಾತ್ರ ಹೊಟ್ಟೆಕಿಚ್ಚಿನವರು ಮೂಗು ಮುರಿಯುತ್ತಾರೆ. ಹನ್ನೆರಡು ವರ್ಷ ವಿದೇಶಿ ಪ್ರವಾಸಿಗರಿಗೆ ಕೆಂಡದ ಮೇಲೆ ಚಿಪ್ಪುಮೀನು ಸುಟ್ಟು ಬಡಿಸಿದವಳು ನಾನು. ‘ಬಿಸಿ, ಜೋಪಾನ!’ ಎಂದು ನಾನು ಇಂಗ್ಲಿಷಿನಲ್ಲಿ ಕೂಗಿದರೆ ಎದುರಿನ ದ್ವೀಪದವರೂ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

ಶಿಗೆನೊ ನನಗಿಂತ ಎರಡು ವರ್ಷ ದೊಡ್ಡವಳು, ಎಪ್ಪತ್ತಮೂರು. ಐವತ್ತು ವರ್ಷದಿಂದ ಇಬ್ಬರೂ ಚಿಪ್ಪುಮೀನು ಹೆಕ್ಕಲು ಒಂದೇ ದೋಣಿಯಿಂದ ಮುಳುಗುತ್ತೇವೆ. ದಿನಕ್ಕೆ ಹತ್ತು ಮಾತಾಡಿದರೆ ಅವಳಿಗೆ ಅದೇ ಹಬ್ಬ. ಮೂರು ವರ್ಷದ ಹಿಂದೆ ಆ ಹತ್ತನ್ನೂ ಮೀನುಗಾರರ ಸಂಘದಲ್ಲಿ ಖರ್ಚು ಮಾಡಿ, ನೀರಿನಡಿಯ ತೊಟ್ಟಿಲು ಬಂಡೆಯ ಸುತ್ತ ಯಾರೂ ಮುಳುಗಬಾರದೆಂದು ಒಪ್ಪಿಸಿದ್ದಳು. ಕಲ್ಲಿಗಂಟಿ ಬದುಕುವ ಒಂಟಿಚಿಪ್ಪಿನ ಅವಾಬಿಯ ಮರಿಗಳನ್ನು, ಅವು ಉಗುರಿನಷ್ಟಿದ್ದಾಗ, ಒಂದೊಂದಾಗಿ ಆ ಬಂಡೆಯ ಬಿರುಕುಗಳಿಗೆ ಅಂಟಿಸಿ ಬಂದವಳೂ ಅವಳೇ. ಈ ಜುಲೈಗೆ ಬಂಡೆ ಮುಳುಗುವವರಿಗೆ ಮತ್ತೆ ತೆರೆಯುವುದಿತ್ತು. ಅವಳ ಕಿವಿ ಸೋತಿತ್ತು. ಇನ್ನೊಂದೇ ಬೇಸಗೆ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಬೆಳೆದ ಮರಿಗಳನ್ನು ಒಮ್ಮೆ ಕೈಯಿಂದ ಮುಟ್ಟಿ ಆಮೇಲೆ ದಡ ಹತ್ತಬೇಕು, ಅಷ್ಟೇ ಅವಳಿಗಿದ್ದ ಆಸೆ.

ಏಪ್ರಿಲ್‌ನಲ್ಲಿ ಡಂಕನ್ ಬಂದ. ಕೆನಡಾದ ಸಂಶೋಧಕ. ಎಷ್ಟು ಉದ್ದವೆಂದರೆ ಮುಳುಗಿ ಬಂದು ನಾವು ಮೈ ಕಾಯಿಸುವ ಗುಡಿಸಲಿಗೆ ಬರುವಾಗ ಬಾಗಿಲಿಗೊಮ್ಮೆ, ತೊಲೆಗೊಮ್ಮೆ, ನಮಗೊಮ್ಮೆ ಬಗ್ಗಬೇಕಿತ್ತು. ಒಳ್ಳೆಯವನೇ. ಕಡಲು ಬಿಸಿಯೇರಿ ಪಾಚಿ ಸಾಯುತ್ತಿದೆಯಲ್ಲ, ಅದನ್ನು ಅಳೆಯುವ ಯಂತ್ರಗಳನ್ನು ಕಾಂಕ್ರೀಟಿನ ದಿಮ್ಮಿಗಳಿಗೆ ಕಟ್ಟಿ ತಳಕ್ಕೆ ಇಳಿಸಬೇಕೆಂದಿದ್ದ. ಮುಳುಗುವ ಹೆಂಗಸರು ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ ಎಂದು ಸಂಘದವರು ಜಾಣತನದಿಂದ ಅವನನ್ನು ನಮ್ಮ ಕಡೆ ತಳ್ಳಿದ್ದರು. ಅವನು ನಕಾಶೆ ಬಿಚ್ಚಿ ಬೆರಳಿಟ್ಟದ್ದು ನೇರವಾಗಿ ತೊಟ್ಟಿಲು ಬಂಡೆಯ ಮೇಲೆ.

ಶಿಗೆನೊ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ‘ಸ್‌ಸ್‌ಸ್’ ಎಂದು ಉಸಿರು ಒಳಗೆಳೆದುಕೊಂಡಳು. “ಸ್ವಲ್ಪ ಕಷ್ಟ...” ಎಂದಳು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ‘ಇಲ್ಲ’ ಬೇರೆ ಇಲ್ಲ. ಹೀಗಂದರೆ ಮದುವೆಗಳೇ ಮುರಿದುಹೋಗುತ್ತವೆ. ನಾನು ಹೆಮ್ಮೆಯಿಂದ ಅದನ್ನು ಹಾಗೆಯೇ ಇಂಗ್ಲಿಷಿಗೆ ಎತ್ತಿಕೊಟ್ಟೆ: “ಸ್ವಲ್ಪ ಕಷ್ಟ.”

ಡಂಕನ್ ಮುಖ ಅರಳಿತು. “ಕಷ್ಟಾನಾ? ಪರವಾಗಿಲ್ಲ! ಏನು ಕಷ್ಟ ಹೇಳಿ, ಸರಿ ಮಾಡೋಣ.”

ಇಂಥ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: “ಅಲ್ಲಿ ಸೆಳೆತ ಜಾಸ್ತಿ.” ಎರಡು ದಿನ ಬಿಟ್ಟು ಬಂದ, ದಿಮ್ಮಿಯ ತೂಕ ಎರಡರಷ್ಟು ಮಾಡಿಸಿದ್ದ. “ದೂರ ಆಗ್ತದೆ” ಎಂದೆ. ದೊಡ್ಡ ದೋಣಿ ಗೊತ್ತು ಮಾಡಿದ. “ಅಲೆಗೆ ಹಗ್ಗ ಸವೆಯುತ್ತೆ” ಎಂದೆ, ಸರಪಳಿ ತಂದ. ಕೊನೆಗೆ “ಯೋಚಿಸ್ತೀವಿ” ಎಂದುಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ಒಂದು ಡಬ್ಬಿ ಬಿಸ್ಕತ್ತಿನೊಂದಿಗೆ ಹಾಜರು: “ಯೋಚಿಸಿದ್ರಾ?” ನಾನು ಬಾಯಿ ಬಿಟ್ಟಷ್ಟೂ ದಿಮ್ಮಿ ಭಾರವಾಗುತ್ತ ಹೋಯಿತು. ಮಂಗಳವಾರದ ಹೊತ್ತಿಗೆ ಒಂದೊಂದೂ ನಾಲ್ಕು ಸುಮೋ ಜಟ್ಟಿಗಳ ತೂಕವಿತ್ತು, ಮತ್ತು ಬುಧವಾರ ಬೆಳಿಗ್ಗೆ ಇಳಿಸುತ್ತೇನೆಂದು ಅವನು ದಿನವನ್ನೂ ಗೊತ್ತು ಮಾಡಿಬಿಟ್ಟ.

ಆ ಮಧ್ಯಾಹ್ನ ಮುಳುಗಿ ಬಂದು ಬೆಂಕಿಯ ಸುತ್ತ ಮೈ ಕಾಯಿಸಿಕೊಳ್ಳುತ್ತಿದ್ದಾಗ ಚಿಯಾಕಿ ನನ್ನ ಮೇಲೆ ತಿರುಗಿಬಿದ್ದಳು. ನಮ್ಮಲ್ಲಿ ಅವಳೇ ಚಿಕ್ಕವಳು, ಐವತ್ತನಾಲ್ಕು. ನಾಲಿಗೆಗೆ ಮಾತ್ರ ಪ್ರಾಯ ಬಂದಿಲ್ಲ.

“ತೊಮೆ ಅಕ್ಕಾ, ನಿನ್ನ ಇಂಗ್ಲಿಷು ಬಂಡೆ ಮೇಲೆ ಕಲ್ಲು ಹಾಕ್ತಾ ಇದೆ. ಅವನಿಗೆ ಕಷ್ಟ ಅಂದ್ರೆ ಸಹಾಯ ಮಾಡಪ್ಪಾ ಅಂತ ಕೇಳಿಸ್ತದೆ, ಮಾರಾಯ್ತಿ!”

“ಅದು ಅವನ ಕಿವಿ ದೋಷ” ಎಂದೆ.

“ಕಿವಿ ದೋಷ ಶಿಗೆನೊ ಅಕ್ಕಂದು. ನಿಂದು ಬಾಯಿ ದೋಷ.”

ಶಿಗೆನೊ ಬೆಂಕಿಗೊಂದು ಕೊರಡು ಇಟ್ಟಳು. ಆಮೇಲೆ ನನ್ನ ಕಡೆ ನೋಡದೆಯೇ, “ಬೇಡ ಅನ್ನೋದು ಹೇಗೆ, ಕಲಿಸು” ಎಂದಳು. ಆ ದಿನದ ಮಾತುಗಳಲ್ಲಿ ಅರ್ಧದಷ್ಟು ಅದಕ್ಕೇ ಹೋಗಿತ್ತು.

ನಾನು ಶಾಲೆ ತೆರೆದೆ. ಇಂಥ ಶಾಲೆ ತೋಕಿಯೊದಲ್ಲೂ ಇಲ್ಲ. “ನೋಡಿ, ನಮ್ಮಲ್ಲಿ ಮೊದಲು ಕ್ಷಮೆ, ಆಮೇಲೆ ಕಾರಣ, ಆಮೇಲೆ ಇನ್ನೊಂದು ಕ್ಷಮೆ, ‘ಬೇಡ’ ಅನ್ನೋದನ್ನ ಎದುರಿನವರೇ ಹುಡುಕ್ಕೊಂಡು ಹೋಗಬೇಕು. ಇಂಗ್ಲಿಷಿನವರು ಹುಡುಕೋದಿಲ್ಲ. ಅವರ ಕೈಗೇ ಕೊಡಬೇಕು. ಮೊದಲು ನೋ. ಹಿಂದೆಯೇ ಕಾರಣ, ಒಂದೇ ಒಂದು, ನಿಜವಾದ್ದು. ನೆವ ಹೇಳಿದ್ರೋ, ಅವರು ಆ ನೆವ ರಿಪೇರಿ ಮಾಡಿಕೊಂಡು ವಾಪಸ್ ಬರ್ತಾರೆ.”

“ಅನುಭವದ ಮಾತು” ಎಂದಳು ಚಿಯಾಕಿ.

“ಸುಮ್ಮನಿರೇ. ಕೊನೆಗೆ, ಏನು ಆಗ್ತದೋ ಅದನ್ನ ತೋರಿಸ್ಬೇಕು. ಇಲ್ಲಿ ಬೇಡ, ಅಲ್ಲಿ ಇಡು. ಮಧ್ಯೆ ನಗಬೇಡಿ. ಅವರು ನಗುವನ್ನ ಒಪ್ಪಿಗೆ ಅಂದ್ಕೊಳ್ತಾರೆ. ಎಲ್ಲಿ, ಶಿಗೆನೊ, ಹೇಳು ನೋಡೋಣ.”

ಶಿಗೆನೊ ಬೆನ್ನು ನೆಟ್ಟಗೆ ಮಾಡಿಕೊಂಡಳು. ತುಟಿ ತೆರೆಯಿತು. “ಸ್‌ಸ್‌ಸ್...”

“ನೋ!” ಎಂದೆ ನಾನು.

“ಸ್‌ಸ್‌ಸ್... ನ...”

ಹತ್ತು ಸಲ ಮಾಡಿಸಿದೆ. ಹತ್ತು ಸಲವೂ ಗಾಳಿ ಒಳಗೇ ಹೋಯಿತು. “ಗಂಡನಿಗೂ ನಾನು ಬೇಡ ಅಂದವಳಲ್ಲ” ಎಂದು ಗೊಣಗಿದಳು.

“ಅದಕ್ಕೇ ಅವನು ಎರಡನೇ ದೋಣಿ ತಗೊಂಡು ಮುಳುಗಿಸಿದ್ದು” ಎಂದಳು ಚಿಯಾಕಿ. ಶಿಗೆನೊ ಒಣ ಗೆಣಸಿನ ತುಂಡೊಂದನ್ನು ಅವಳ ಮೇಲೆಸೆದಳು.

ಆಗ ನನಗೆ ಹೊಳೆದದ್ದನ್ನು ವಿಶ್ವವಿದ್ಯಾಲಯದವರು ಕೇಳಿದ್ದರೆ ನನಗೆ ಪೀಠ ಹಾಕಿ ಕೂರಿಸುತ್ತಿದ್ದರು. ನಾವು ಬೇಡ ಎನ್ನುವುದು ಉಸಿರು ಒಳಗೆಳೆಯುತ್ತ. ಅವರು ಹೇಳುವುದು ಉಸಿರು ಹೊರಗೆ ಬಿಡುತ್ತ. ಒಳಗೆ ಹೋದ ಮಾತು ಅವರಿಗೆ ಕೇಳುವುದಾದರೂ ಹೇಗೆ?

“ಶಿಗೆನೊ, ನೀರಿಂದ ಮೇಲೆ ಬಂದಾಗ ಏನು ಮಾಡ್ತೀಯಾ?”

ಕೇಳುವುದೇ ಬೇಡ. ನಾವೆಲ್ಲರೂ ಮೇಲೆ ಬಂದೊಡನೆ ಎದೆಯಲ್ಲಿ ಹಿಡಿದಿಟ್ಟದ್ದನ್ನು ಸಿಳ್ಳಿನಂತೆ ಹೊರಗೆ ಬಿಡುತ್ತೇವೆ. ಶಿಗೆನೊಳ ಸಿಳ್ಳು ಇಡೀ ಕೊಲ್ಲಿಗೇ ಹೆಸರಾದದ್ದು. ಮಂಜಿನಲ್ಲಿ ಹಡಗುಗಳು ದೀಪಸ್ತಂಭ ಬಿಟ್ಟು ಅದನ್ನೇ ನಂಬಿ ಬಂದದ್ದುಂಟು.

“ಅದೇ ಉಸಿರಿಗೆ ಹೇಳು” ಎಂದೆ. ಅವಳು ಬೆಂಕಿ ಕೆದಕತೊಡಗಿದಳು. ಕಡೆಗೆ, ನಾಳೆ ಮಾತಾಡುವುದು ನಾನೇ ಎಂದು ತೀರ್ಮಾನವಾಯಿತು. ಬೇರೆ ಯಾರಿದ್ದರು?

ಬುಧವಾರ ಕಡಲು ಎಣ್ಣೆ ಸುರಿದಂತೆ ನಯವಾಗಿತ್ತು. ನಾವು ಮೊದಲೇ ಹೋಗಿ ತೊಟ್ಟಿಲು ಬಂಡೆಯ ಮೇಲೆ ದೋಣಿ ನಿಲ್ಲಿಸಿದ್ದೆವು. ಶಿಗೆನೊ ತಲೆಯ ಬಿಳಿ ಬಟ್ಟೆ ಬಿಗಿದುಕೊಂಡಳು. “ಒಂದ್ಸಲ ನೋಡ್ಕೊಂಡು ಬರ್ತೀನಿ” ಎಂದಷ್ಟೇ ಹೇಳಿ ಕೆಳಗಿಳಿದಳು. ಮರಿಗಳು ಇವೆಯೋ ಇಲ್ಲವೋ ಎಂದು ನೋಡಲೋ, ಬೀಳ್ಕೊಡಲೋ, ನಾನು ಕೇಳಲಿಲ್ಲ.

ಡಂಕನ್‌ನ ದೋಣಿ ಬಂತು. ಕ್ರೇನಿನ ಕೊಕ್ಕೆಯಲ್ಲಿ ಮೊದಲ ದಿಮ್ಮಿ ತೂಗಾಡುತ್ತಿತ್ತು. ಅವನು ಒಂದು ಕೈ ಎತ್ತಿ, “ತೊಮೆ ಸಾನ್! ಎಲ್ಲ ಕಷ್ಟಾನೂ ಪರಿಹಾರ ಆಯ್ತು! ಇಲ್ಲಿ ಸರಿ ತಾನೆ?” ಎಂದು ನಮ್ಮವರಂತೆಯೇ ಗೌರವದ ‘ಸಾನ್’ ಸೇರಿಸಿ ಕೂಗಿದ.

ನಾನು ದೋಣಿಯ ಮೂತಿಯ ಮೇಲೆ ನಿಂತೆ. ಎದೆ ಉಬ್ಬಿಸಿದೆ. ಅವನ ಮುಖದ ತುಂಬ ಸಂತೋಷ, ಸಾಲದ್ದಕ್ಕೆ ಬಿಸ್ಕತ್ತಿನ ಡಬ್ಬಿಯೂ ಕಂಕುಳಲ್ಲಿತ್ತು.

“ಸ್‌ಸ್‌ಸ್...” ಎಂದೆ.

ಉಪ್ಪು ಗಾಳಿ ಗಂಟಲಿಗೆ ಹೊಡೆದಿತ್ತು, ಬೇರೇನಲ್ಲ. ಚಿಯಾಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕ್ರೇನು ಕಿರುಗುಟ್ಟುತ್ತ ದಿಮ್ಮಿಯನ್ನು ಅವನ ದೋಣಿಯ ಆಚೆ ಬದಿಗೆ ತಂದಿತು.

ಆಗ ಎರಡು ದೋಣಿಗಳ ನಡುವೆ ನೀರು ಒಡೆದು ಬಿಳಿ ಬಟ್ಟೆಯ ತಲೆ ಮೇಲೆ ಬಂತು. ಸಿಳ್ಳು ಎದ್ದಿತು, ಉದ್ದಕ್ಕೆ, ತೆಳ್ಳಗೆ. ಅದು ಮುಗಿಯುವ ಮುನ್ನ, ಅದೇ ಉಸಿರಿನ ಕೊನೆಯಲ್ಲಿ:

“ನೋ.”

ಕ್ರೇನಿನವನು ಕೂಡ ಕೈ ತಡೆದ. ಶಿಗೆನೊ ಒಂದು ಅಂಗೈ ನೀರಿನಿಂದ ಎತ್ತಿದಳು. ಅದರ ಮೇಲೆ ಒಂದು ಅವಾಬಿ, ಹಿಡಿಯಬಹುದಾದ ಅಳತೆಗೆ ಇನ್ನೂ ಚೂರು ಕಡಿಮೆ. “ಇಲ್ಲಿ ಬೇಡ. ಮರಿಗಳು” ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ತೋಳು ಚಾಚಿ, ದೀಪಸ್ತಂಭದ ಕೆಳಗಿನ ಮರಳು ತಳದ ಕಡೆ ತೋರಿಸಿದಳು. “ಅಲ್ಲಿ. ಓಕೆ.” ನಗಲಿಲ್ಲ. ಕ್ಷಮೆ ಕೇಳಲಿಲ್ಲ. ಅವನು ಉತ್ತರಿಸುವವರೆಗೆ ಕಾಲಾಡಿಸುತ್ತ ಅಲ್ಲೇ ತೇಲುತ್ತಿದ್ದಳು.

ಡಂಕನ್ ಈಗ ಅಳುತ್ತಾನೆ, ಕೆನಡಾ ನಮ್ಮೊಡನೆ ಸಂಬಂಧ ಕಡಿದುಕೊಳ್ಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

“ಓ, ಮರಿಗಳಾ!” ಎಂದ ಅವನು. “ಸರಿ, ಅಲ್ಲೇ ಇಡೋಣ. ಇಷ್ಟು ದಿನ ಯಾಕೆ ಹೇಳಲಿಲ್ಲ?”

ಅಷ್ಟೇ. ಅರ್ಧ ನಿಮಿಷದಲ್ಲಿ ಮುಗಿಯಿತು. ಅವನು ಬಗ್ಗಿ ಬಿಸ್ಕತ್ತಿನ ಡಬ್ಬಿಯನ್ನು ಶಿಗೆನೊಗೇ ಕೊಟ್ಟ. ಅವಳು ಅದನ್ನು ದೋಣಿಗೆ ದಾಟಿಸಿ, ಅವಾಬಿಯನ್ನು ಅದರ ಬಿರುಕಿಗೆ ಅಂಟಿಸಲು ಮತ್ತೆ ಕೆಳಗೆ ಹೋದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ಚಿಯಾಕಿ ನನ್ನ ಕಡೆ ನೋಡಿ ‘ಸ್‌ಸ್‌ಸ್’ ಎನ್ನುತ್ತಿದ್ದಳು. ಅವಳ ಪಾಲಿನ ಬಿಸ್ಕತ್ತನ್ನು ನಾನು ತಿಂದೆ.

ಜುಲೈನಲ್ಲಿ ಬಂಡೆ ತೆರೆಯಿತು. ಮೊದಲ ಮುಳುಗು ಶಿಗೆನೊಳದು. ಯಾರೂ ಹೇಳಬೇಕಾಗಲಿಲ್ಲ, ಎಲ್ಲ ದೋಣಿಗಳೂ ಕಾದವು. ಅವಳು ಬಹಳ ಹೊತ್ತು ಕೆಳಗಿದ್ದಳು. ಮೇಲೆ ಬಂದಾಗ ಕೈಯಲ್ಲಿ ಎರಡೇ ಇದ್ದವು, ಎರಡೂ ಅಳತೆ ಮೀರಿದವು. ದೋಣಿಯ ಅಂಚು ಹಿಡಿದು ಅವುಗಳ ಬೆನ್ನನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದಳು.

ಆ ಮಧ್ಯಾಹ್ನ ಡಂಕನ್ ಮೂರು ಸಲ ಬಗ್ಗಿ ಗುಡಿಸಲೊಳಗೆ ಬಂದ. ನಾನು ಅವನಿಗೆ ಶಿಗೆನೊಳ ಅವಾಬಿಯ ಗಾತ್ರವನ್ನು ಕೈ ಅಗಲಿಸಿ ವಿವರಿಸುತ್ತಿದ್ದೆ. “ಅಕ್ಕಿ ತೊಳೆಯೋ ಬೋಗುಣಿ ಇರ್ತದಲ್ಲ, ಅಷ್ಟು. ಇಬ್ಬರು ಹಿಡಿದು ಎತ್ತಬೇಕಾಯ್ತು.”

“ನೋ” ಎಂದಳು ಶಿಗೆನೊ, ಬೆಂಕಿಯ ಆಚೆಯಿಂದ.

ಕಲಿಸಿದ್ದೇ ತಪ್ಪಾಯಿತು. ಎಲ್ಲರೂ ನಕ್ಕರು, ಡಂಕನ್ ಎಲ್ಲರಿಗಿಂತ ಹೆಚ್ಚಾಗಿ. ನಗು ಇಳಿದ ಮೇಲೆ ಅವನು ಹರಕುಮುರುಕು ನಮ್ಮ ಭಾಷೆಯಲ್ಲೇ ಕೇಳಿದ: “ಶಿಗೆನೊ ಸಾನ್, ಬರುವ ವರ್ಷಾನೂ ಮುಳುಗ್ತೀರಲ್ಲ?”

ಶಿಗೆನೊ ಕೆಂಡ ನೋಡುತ್ತ ತಲೆ ಓರೆ ಮಾಡಿದಳು. ಹಲ್ಲಿನ ಸಂದಿಯಿಂದ ಉಸಿರು ಒಳಗೆ ಹೋಯಿತು, ನಿಧಾನವಾಗಿ. “ಸ್ವಲ್ಪ ಕಷ್ಟ...” ಎಂದಳು.

ಏನು ಕಷ್ಟ ಎಂದು ಡಂಕನ್ ಕೇಳಲಿಲ್ಲ. ಸರಿ ಮಾಡೋಣ ಎನ್ನಲಿಲ್ಲ. ಒಣ ಗೆಣಸಿನ ತಟ್ಟೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದ.

ಅದನ್ನು ಅವನಿಗೆ ಕಲಿಸಿದವಳೂ ನಾನೇ.