ಗುರುರಾಜರ ಸ್ಕೂಟರ್ ಕೀಲಿ

ಮನೆಮಂದಿ ಒಬ್ಬರೊಡನೊಬ್ಬರು ಹೇಗೆ ಮಾತಾಡುತ್ತಾರೆ ಎಂಬುದನ್ನೇ ಮೃಣಾಲಿನಿ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದಳು. ಸಂಶೋಧನೆಗೆಂದು ಹೈದರಾಬಾದಿನ ಹಲವು ಕುಟುಂಬಗಳು ಊಟದ ಹೊತ್ತಿನ ಮಾತನ್ನು ರೆಕಾರ್ಡ್ ಮಾಡಿ ಅವಳಿಗೆ ಕಳಿಸುತ್ತಿದ್ದವು. ನಮ್ಮದೂ ಒಂದಿರಲಿ ಎಂದು ಮೆಹದಿಪಟ್ಟಣಂನ ತನ್ನ ಮನೆಯದನ್ನೂ ರೆಕಾರ್ಡ್ ಮಾಡಿದಳು. ಕೇಳಿದ ಮೇಲೆ ಅನ್ನ ರುಚಿಸಲಿಲ್ಲ.

ಮಾವ ಗುರುರಾಜರು, ಗಂಡ ವಿಶ್ವಜಿತ್ ಎದುರೆದುರು ಕೂತು, ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಅವಳಿಗೇ ಹೇಳುತ್ತಿದ್ದರು. ತಂದೆಯ ಮುಂದೆ ಮಗ ಬಾಯಿ ತೆರೆಯದಿರುವುದೇ ಮರ್ಯಾದೆ ಎಂದು ನಂಬಿದ ಮನೆ ಅದು. ಮೊದಲು ನಡುವೆ ಇದ್ದದ್ದು ಅತ್ತೆ ಯಮುನಾಬಾಯಿ. ಅಡುಗೆಮನೆಯ ಜತೆ ಆ ಕೆಲಸವನ್ನೂ ಸೊಸೆಗೆ ಒಪ್ಪಿಸಿ ಅವರು ಹಗುರಾಗಿದ್ದರು.

ಮೃಣಾಲಿನಿ ಮಾತು ದಾಟಿಸುವಾಗ ಖಾರ ತೆಗೆದು ಬೆಲ್ಲ ಹಾಕುತ್ತಿದ್ದಳು. ಮಾವ ಸ್ಕೂಟರಿನಿಂದ ಬಿದ್ದ ಮೇಲೆ ವಿಶ್ವಜಿತ್ ಗಾಡಿಯನ್ನು ಗೆಳೆಯನ ಮನೆಯಲ್ಲಿಟ್ಟು, ಇನ್ನು ಅವರಿಗೆ ಕೊಡುವುದಿಲ್ಲ ಎಂದು ಹೇಳಲು ತಿಳಿಸಿದ್ದ. ಗಾಡಿ ರಿಪೇರಿಗೆ ಹೋಗಿದೆ ಎಂದು ಅವಳು ಮಾವನಿಗೆ ಹೇಳಿದಳು. ಮಾವ ಬೇಸರ ಮಾಡಿಕೊಂಡಿಲ್ಲ ಎಂದು ಗಂಡನಿಗೆ. ದಿನಾ ಗೆಳೆಯರೊಡನೆ ಇರಾನಿ ಚಹಾ ಕುಡಿಯಲು ಹೋಗುತ್ತಿದ್ದ ಮನುಷ್ಯ ಈಗ ಬಾಲ್ಕನಿಯಲ್ಲಿ ಬಟ್ಟೆ ಒಣಗುವುದನ್ನು ನೋಡುತ್ತ ಕೂತಿರುತ್ತಿದ್ದರು. ಮಾತೂ ಕಡಿಮೆಯಾಗಿತ್ತು.

ಭಾನುವಾರ ಜೋಳದ ರೊಟ್ಟಿ, ಪುಂಡಿಪಲ್ಯ. ಗುರುರಾಜರು ಎಂದಿನಂತೆ, "ಗಾಡಿ ಯಾವಾಗ ಬರತದ, ಅವಗ ಕೇಳವಾ" ಎಂದರು.

ಮೃಣಾಲಿನಿ ದೊಡ್ಡ ತುತ್ತನ್ನು ಬಾಯಿಗಿಟ್ಟುಕೊಂಡಳು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರ ತಾಟಿಗೆ ಪಲ್ಯ ಹಾಕಿದಳು. ಗುರುರಾಜರು ಸೊಸೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ವಿಶ್ವಾ," ಎಂದರು ಕೊನೆಗೆ, "ರಿಪೇರಿ ಆತೇನಪಾ?"

"ಯಾವ ರಿಪೇರಿರೀ?"

ಇಬ್ಬರೂ ಅವಳತ್ತ ತಿರುಗಿದರು. ತುತ್ತು ನುಂಗಿ, ಅದು ತಾನೇ ಹೇಳಿದ ಸುಳ್ಳು ಎಂದಳು ಮೃಣಾಲಿನಿ.

ವಿಶ್ವಜಿತ್ ತಾಟು ನೋಡುತ್ತ ಹೇಳಿದ: "ಕೀಲಿ ನನ್ನ ಕಿಸೆದಾಗನೇ ಅದ ಅಪ್ಪಾ. ನೀವು ಬಿದ್ರಿ ಅಂತ ಫೋನ್ ಬಂದಾಗ ನನ್ನ ಕೈಕಾಲು ಆಡಲಿಲ್ಲ."

"ನೀ ಹೆದರಿದ್ದೇನು? ಮುದುಕನ ಕಾಟ ಸಾಕಾಗೇದ ನಿನಗ ಅಂತ ತಿಳ್ಕೊಂಡಿದ್ದೆ." ಗುರುರಾಜರು ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ. "ಗಾಡಿ ಹೊಡಿಲಿಕ್ಕೆ ಈಗ ನನಗೂ ಹೆದರಿಕಿ. ಆದ್ರ ಚಹಾ ಬಿಡಂಗಿಲ್ಲ."

"ಬಿಡಬ್ಯಾಡ್ರಿ. ನಾ ಕರಕೊಂಡು ಹೋಗ್ತೀನಿ."

ಯಮುನಾಬಾಯಿ ಪಲ್ಯ ಕಲಸುತ್ತ, "ಸೊಸಿ ಇದನ್ನೇ ಪಾಠ ಮಾಡ್ತಾಳಂತ. ಪಗಾರನೂ ಕೊಡ್ತಾರಂತ" ಎಂದರು.

ಸಂಜೆ ವಿಶ್ವಜಿತ್ ಗೆಳೆಯನ ಮನೆಯಿಂದ ಸ್ಕೂಟರ್ ತಂದ, ಗುರುರಾಜರು ಮಗನ ಬೆನ್ನ ಹಿಂದೆ ಹತ್ತಿದರು. ಗೇಟು ದಾಟುವ ಮೊದಲೇ ಯಾವ ದಾರಿ ಹಿಡಿಯಬೇಕೆಂದು ತಕರಾರು ಶುರುವಾಯಿತು. ಅವರು ತಲೆಯೆತ್ತಿ ಬಾಲ್ಕನಿಯತ್ತ, "ಇವಗ ಹೇಳವಾ, ಟೋಲಿಚೌಕಿ ಕಡೆ ಟ್ರಾಫಿಕ್ ಭಾಳ" ಎಂದರು.

ಮೃಣಾಲಿನಿ ಕೇಳದವಳಂತೆ ಒಣಗಿದ ಬಟ್ಟೆ ತೆಗೆಯತೊಡಗಿದಳು. ಕೆಳಗೆ ಗುರುರಾಜರು ಒಂದು ಗಳಿಗೆ ಕಾದರು, ಆಮೇಲೆ ಮಗನ ಭುಜ ತಟ್ಟಿ ಅವನ ಕಿವಿಯತ್ತ ಬಾಗಿದರು.