ಉಡಚವ್ವನ ಜಾಗ

“ಏ ಬೋಳಿ, ಕೈ ತಗೀ ಅದರ ಮ್ಯಾಲಿಂದ! ನಿಮ್ಮಪ್ಪ ಬರದಿಟ್ಟ ನಕಾಶೆ ಅಂತ ತಿಳದೀಯೇನ?”

ನಾನು ಕೈ ತೆಗೆದೆ. ನಕಾಶೆಯ ಮೇಲೆ ನನ್ನ ಬೆರಳಿನ ಗುರುತು ಉಳಿಯಿತು, ಎರೆಮಣ್ಣಿನ ಕರೀ ಚುಕ್ಕೆ. ದೇವೇಂದ್ರಪ್ಪ ಸಾಹುಕಾರರು ಬಿಳಿ ಕರವಸ್ತ್ರ ತೆಗೆದು ಒರೆಸಿದರು. ಒರೆಸಿದಷ್ಟೂ ಅದು ಅಗಲವಾಯಿತು.

ನನ್ನನ್ನು ಅಲ್ಲಿಗೆ ಕರೆದದ್ದು ಅವರೇ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ನಕಾಶೆ ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ತಂದಿಡು ಅಂದರು. ತಂದಿಟ್ಟೆ. ಇಟ್ಟವಳು ದೂರ ಸರಿಯಬೇಕಿತ್ತು, ಬಗ್ಗಿ ನೋಡಿದೆ. ಏಳನೆಯ ಇಯತ್ತೆ ಓದಿದ್ದು ಹಿಂಗೆ ಆಗಾಗ ಕೆಟ್ಟ ಚಟದಂತೆ ಕಾಡುತ್ತದೆ.

ಮುಂಡರಗಿಯಿಂದ ಡಂಬಳದ ಕಡೆ ಹೋಗುವ ರಸ್ತೆಗೆ, ಊರು ಮುಗಿದು ಹೊಲ ಶುರುವಾಗುವಲ್ಲಿ ಸಾಹುಕಾರರ ಹೊಸ ಬಡಾವಣೆ ಏಳಲಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಒಂದು ಮಗ್ಗುಲಿಗೆ ಹೆರಿಗೆ ದವಾಖಾನೆ, ಅದರಾಚೆ ಇಂಗ್ಲಿಷ್ ಶಾಲೆ, ಅದರಾಚೆ ಮದುವೆ ಹಾಲ್. ಹುಟ್ಟಿದವರು ಹೊರಗೆ ಕಾಲಿಡದೆ ಮದುವೆಯಾಗಿ ಮಕ್ಕಳನ್ನು ಹೆರಬಹುದಿತ್ತು. ಸಾಯುವವರಿಗೆ ಮಾತ್ರ ಅದರಲ್ಲಿ ಜಾಗ ಬರೆದಿರಲಿಲ್ಲ.

“ಇರ್ಲಿ ಬಿಡ್ರಿ ಸರ್, ನೋಡ್ಲಿ,” ಎಂದರು ಹುಬ್ಬಳ್ಳಿಯಿಂದ ಬಂದಿದ್ದ ಇಂಜಿನಿಯರ್ ಶೀತಲ್ ಮೇಡಂ. ಒಳ್ಳೆಯ ಹೆಣ್ಣುಮಗಳು. “ಇದು ಮೇನ್ ರೋಡ್ ನೋಡ್ರಿ. ಇದು ನಾವೀಗ ನಿಂತಿರೋ ಶೆಡ್ಡು.”

ನಾನು ಮುಟ್ಟದೆ, ಗಾಳಿಯಲ್ಲೇ ಬೆರಳು ಆಡಿಸಿದೆ. ಶೆಡ್ಡಿನಿಂದ ಹಳ್ಳದ ಕಡೆ ಹೋದರೆ ಹುಣಸೇಮರ. ಮರದಿಂದ ನಲವತ್ತು ಹೆಜ್ಜೆ. ಬೆರಳು ನಿಂತಲ್ಲಿ ‘ಐಸ್‌ಕ್ರೀಂ ಪಾರ್ಲರ್’ ಎಂದು ಬರೆದಿತ್ತು.

“ಇಲ್ಲಿ ನನ್ನ ಗಂಡ ಅದಾನ್ರಿ ಮೇಡಮ್ಮಾರ.”

“ಹೌದಾ? ಏನ್ ಕೆಲಸಕ್ಕದಾರ?”

“ಕೆಲಸಾ ಮುಗೀತ್ರಿ ಅವಂದು. ಎರಡು ವರ್ಷಾತು ಹುಗದು.”

ಮೇಡಂ ಮುಖ ಎತ್ತಿದರು. ಸಾಹುಕಾರರು ನಕ್ಕರು. “ಗಂಡ ಸತ್ತಾಗಿಂದ ಈ ರಂಡಿಗೆ ತಲಿ ನೆಟ್ಟಗಿಲ್ರಿ ಮೇಡಂ. ನಮ್ಮ ಮುತ್ಯಾನ ಹೊಲಾ ಅದು. ಬರೇ ಜಾಲಿಕಂಟಿ ಬೆಳದಿತ್ತು.”

“ಅವರ ಹತ್ರ ದಾಖಲೆ ಏನಾರ ಇದ್ರ ನೋಡೂಣ್ರಿ ಸರ್. ಭೂಮಿಪೂಜಿ ಸೋಮವಾರ ಐತಿ. ಅದರೊಳಗ ತಂದ್ರ ನಕ್ಷೆ ಬದಲು ಮಾಡಾಕ ಬರ್ತೈತಿ.” ಅಷ್ಟು ಹೇಳಿ ಮೇಡಂ ನನ್ನ ಕಡೆ ತಿರುಗಿದರು. “ತರ್ತೀರೇನಮ್ಮಾ?”

ನನ್ನನ್ನು ಬಹುವಚನದಲ್ಲಿ ಯಾರಾದರೂ ಕರೆದು ವರ್ಷಗಳಾಗಿದ್ದವು. ಹೂಂ ಅಂದುಬಿಟ್ಟೆ. ಅಂದ ಮೇಲೆ ಅಳು ಬಂತು. ಯಾಕೆಂದರೆ ದಾಖಲೆಯನ್ನು ನಾವೇ ಕೈಯಾರೆ ಕಿತ್ತುಹಾಕಿದ್ದೆವು.

ನಮ್ಮ ಕೇರಿಯವರು ಹುಗಿದಲ್ಲಿ ಕಲ್ಲು ನಿಲ್ಲಿಸುವುದಿಲ್ಲ. ತಲೆಯ ಕಡೆ ಒಂದು ಲೋಳೆಸರ ನೆಡುತ್ತೇವೆ. ಅದಕ್ಕೆ ನೀರು ಬೇಡ, ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ. ಬದುಕಿದ್ದಾಗ ನಮಗೆ ಸಿಕ್ಕ ಆರೈಕೆಯಷ್ಟೇ ಅದಕ್ಕೂ ಸಾಕು. ಯಾರ ಮನೆಯವರು ಎಲ್ಲಿ ಮಲಗಿದ್ದಾರೆಂದು ಆ ಗಿಡ ನೋಡಿ ಹೇಳುತ್ತಿದ್ದೆವು.

ಇನ್ನೊಂದು ಪದ್ಧತಿಯೂ ಇದೆ. ಆ ನೆಲದಲ್ಲಿ ಒಮ್ಮೆ ಗುಂಡಿ ತೋಡಿದರೆ ಅದನ್ನು ಖಾಲಿ ಮುಚ್ಚುವಂತಿಲ್ಲ. ಖಾಲಿ ಗುಂಡಿ ಮುಚ್ಚಿದರೆ ಅದು ಕೇರಿಯೊಳಗಿಂದ ಒಬ್ಬರನ್ನು ಕರೆಯುತ್ತದಂತೆ. ಅದಕ್ಕೇ ಹೆಣ ತಂದು ಪಕ್ಕಕ್ಕೆ ಇಳಿಸಿದ ಮೇಲೆಯೇ ಹುಚ್ಚೀರಪ್ಪ ಕಾಕಾ ಗುದ್ದಲಿ ಎತ್ತುತ್ತಾನೆ, ಅಲ್ಲಿಯವರೆಗೆ ನಾವು ಬಿಸಿಲಲ್ಲಿ ಕಾಯುತ್ತೇವೆ. ಕೇರಿಯವರಿಗೆಲ್ಲ ಗುಂಡಿ ತೋಡುವವನು ಅವನೊಬ್ಬನೇ. ನನ್ನ ಗಂಡ ಲೋಹಿತನಿಗೂ ಅವನೇ ತೋಡಿದ.

ಯುಗಾದಿಯ ಮುಂದೆ ಮೇಸ್ತ್ರಿ ಪುಂಡಲೀಕಪ್ಪ ಕೇರಿಗೆ ಬಂದಿದ್ದ. “ಸಾವ್ಕಾರ್ರು ನಿಮ್ಮ ಸುಡಗಾಡಕ್ಕ ಕಂಪೌಂಡ ಕಟ್ಟಸ್ತಾರಂತ. ನಳಾನೂ ಹಾಕಸ್ತಾರಂತ. ಮೊದಲ ನೀವು ಜಾಗಾ ಹಸನ ಮಾಡ್ರಿ.”

ಇಪ್ಪತ್ತು ವರ್ಷ ಅದೇ ಕಂಪೌಂಡಿಗೆ ಅರ್ಜಿ ಬರೆದು ಸೋತವರು ನಾವು. ತಾನಾಗಿ ಬಂದದ್ದನ್ನು ಅನುಮಾನಿಸುವುದು ನಮಗೆ ಗೊತ್ತಿರಲಿಲ್ಲ. ಇಡೀ ಕೇರಿ ಹಬ್ಬಕ್ಕೆ ಹೋದಂತೆ ಹೋದೆವು. ಜಾಲಿ ಕಡಿದೆವು, ಹುಲ್ಲು ಕೆತ್ತಿದೆವು, ಲೋಳೆಸರಗಳನ್ನು ಒಂದೊಂದಾಗಿ ಕಿತ್ತೆವು. ಲೋಹಿತನ ತಲೆಯ ಕಡೆಯದನ್ನು ನಾನೇ ಕಿತ್ತೆ, ಬೇರು ಹರಿಯದ ಹಾಗೆ.

“ಕಂಪೌಂಡ ಆದಮ್ಯಾಲ ಸಾಲಾಗಿ ಹಚ್ಚೂಣು. ಚೆಂದ ಕಾಣ್ತೈತಿ,” ಅಂದಳು ಅತ್ತೆ ಉಡಚವ್ವ. ಎಲ್ಲವನ್ನೂ ಹುಣಸೇಮರದ ಬುಡಕ್ಕೆ ಒಟ್ಟಿ ಬಂದೆವು.

ಮರುದಿನ ಜೆಸಿಬಿ ಬಂದು ದಿಬ್ಬಗಳನ್ನೆಲ್ಲ ಸಮ ಮಾಡಿತು. ಕಂಪೌಂಡೂ ಬಂತು. ನಮ್ಮ ಸತ್ತವರೆಲ್ಲ ಅದರ ಒಳಗೆ, ನಾವು ಹೊರಗೆ. ಒಳಗೆ ಹೋಗಬೇಕಾದರೆ ಕೂಲಿಗೆ ಹೋಗಬೇಕು. ನಾನು ಕೂಲಿಗೆ ಹೋದೆ. ಗಂಡನ ಮೇಲೆ ಕಲ್ಲು ಹೊರುವ ಕೂಲಿ.

ಅತ್ತೆಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಒಂದೇ. ಗದಗಿನಲ್ಲಿ ಮೂರನೆಯ ಅಂತಸ್ತಿನಿಂದ ಬಿದ್ದು ಬಂದ ಮಗನ ಮುಖವನ್ನು ಅವಳು ನೋಡಿರಲಿಲ್ಲ. ನೋಡಲು ಮುಖ ಉಳಿದಿರಲಿಲ್ಲ. ಅವನ ಎಡ ಮಗ್ಗುಲಿಗೆ ಒಂದು ಆಳಿನ ಜಾಗ ಬಿಡಿಸಿಟ್ಟಿದ್ದಳು. “ಅಲ್ಲೇ ಹಾಕಪಾ ನನ್ನ,” ಎಂದು ಹುಚ್ಚೀರಪ್ಪ ಕಾಕಾನಿಂದ ಭಾಷೆ ತೆಗೆದುಕೊಂಡಿದ್ದಳು.

ಶುಕ್ರವಾರ ಅತ್ತೆ, ಕಾಕಾ, ನಾನು ಮೂವರೂ ತಹಶೀಲ್ದಾರ ಕಚೇರಿಗೆ ಹೋದೆವು. ಊಟದ ಹೊತ್ತು ಮುಗಿಯುವ ತನಕ ಜಗುಲಿಯ ಮೇಲೆ ಕುಳಿತೆವು. ಆಮೇಲೆ ಚಹಾದ ಹೊತ್ತು ಮುಗಿಯುವ ತನಕ ಕುಳಿತೆವು. ಒಳಗೆ ಕರೆದಾಗ ಸಾಹೇಬ ಹಲ್ಲುಕಡ್ಡಿ ಆಡಿಸುತ್ತಿದ್ದ.

“ಪಹಣಿಯೊಳಗ ಸ್ಮಶಾನ ಅಂತ ಇಲ್ಲ. ಗುರುತು ಏನೈತಿ ನಿಮ್ಮದು?”

“ಲೋಳಸರ ಇದ್ದೂರಿ,” ಅಂದ ಕಾಕಾ.

“ಎಲ್ಲದಾವೀಗ?”

“ಕಿತ್ತೀವ್ರಿ.”

“ಯಾರು?”

“ನಾವ ರೀ.”

ಸಾಹೇಬ ಹಲ್ಲುಕಡ್ಡಿ ಬಾಯಿಂದ ತೆಗೆದು ನಕ್ಕ. ಪಕ್ಕದ ಮೇಜಿನವನೂ ನಕ್ಕ. ನಿಜ ಹೇಳಬೇಕೆಂದರೆ, ಬೇರೆಯವರ ಕಥೆಯಾಗಿದ್ದರೆ ನಾನೂ ನಗುತ್ತಿದ್ದೆ.

“ಗುಡ್ಡದ ಬುಡಕ್ಕ ಬ್ಯಾರೆ ಜಾಗಾ ಕೊಡ್ತಾರ, ಅಲ್ಲಿ ಹುಗೀರಿ.”

“ಅದು ಬರೇ ಕಲ್ಲಬಂಡಿ ಐತ್ರಿ ಯಪ್ಪಾ,” ಅಂದ ಕಾಕಾ. “ಗುದ್ದಲಿ ಹಾಕಿದ್ರ ಕಿಡಿ ಹಾರ್ತಾವ.”

“ಹಂಗಾರ ಒಂದು ಕೆಲಸಾ ಮಾಡ್ರಿ. ಅಗದು ಎಲುಬು ತಗದು ತರ್ರಿ ಇಲ್ಲಿ. ನಾ ಸಹಿ ಮಾಡ್ತೇನಿ.”

ಅತ್ತೆ ಅಲ್ಲಿಯವರೆಗೆ ನೆಲ ನೋಡುತ್ತ ಕುಳಿತವಳು ತಲೆ ಎತ್ತಿದಳು. “ನಿಮ್ಮಪ್ಪನ್ನ ಎಲ್ಲಿ ಇಟ್ಟೀರಿ ಸಾಹೇಬ್ರ?”

“ಏನಂದಿ?”

“ಎಲ್ಲಿ ಇಟ್ಟೀರಿ ಹೇಳ್ರಿ. ನೀವು ಅವನ ಎಲುಬು ತಗೊಂಡು ಬರ್ರಿ. ನಾನೂ ನನ್ನ ಮಗಂದು ತರತೇನಿ. ಕೂಡೇ ನೋಡೂಣು.”

ನಮ್ಮನ್ನು ಹೊರಗೆ ದಬ್ಬಿದರು. ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಾಗುತ್ತದೆ. ಅತ್ತೆ ಮಾತ್ರ ಒಮ್ಮೆ ನಿಂತು, “ಸಾಕಾತು ನೋಡಬೇ ನಾಗರತ್ನಾ,” ಅಂದಳು. ಯಾವುದು ಸಾಕಾಯಿತೆಂದು ನಾನು ಕೇಳಲಿಲ್ಲ.

ಸೋಮವಾರ ಶಾಮಿಯಾನ ಹಾಕಿದ್ದರು. ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿದ್ದರು. ನಕಾಶೆಯನ್ನು ದೊಡ್ಡದು ಮಾಡಿ ಬ್ಯಾನರಿಗೆ ಹಾಕಿದ್ದರು, ಅದರಲ್ಲಿ ಐಸ್‌ಕ್ರೀಂ ತಿನ್ನುವ ಮಕ್ಕಳೂ ಇದ್ದರು. ಪೂಜೆಗೆ ಈಶಾನ್ಯ ಮೂಲೆಯೇ ಆಗಬೇಕೆಂದು ಅಯ್ಯನವರು ಹೇಳಿದ್ದರು. ಈಶಾನ್ಯ ಮೂಲೆಯೆಂದರೆ ಹುಣಸೇಮರದಿಂದ ನಲವತ್ತು ಹೆಜ್ಜೆ.

ಗುಂಡಿ ತೋಡಲು ಹುಚ್ಚೀರಪ್ಪ ಕಾಕಾನಿಗೇ ಹೇಳಿದ್ದರು. ಅವನಷ್ಟು ನೀಟಾಗಿ ಗುದ್ದಲಿ ಹಿಡಿಯುವವರು ಈ ಸೀಮೆಯಲ್ಲಿಲ್ಲ. ಮೂರಡಿ ಚೌಕ ತೋಡು ಅಂತ ಪುಂಡಲೀಕಪ್ಪ ಸುಣ್ಣದ ಗೆರೆ ಎಳೆದು, ಹಾರ ತರಲು ಊರಿಗೆ ಹೋಗಿದ್ದ. ಕಾಕಾ ಗೆರೆಯ ಹತ್ತಿರ ನಿಂತು ನೆಲ ನೋಡಿದ. ಎರಡು ಮಾರು ಈಚೆ ಸರಿದ. ಮತ್ತೆ ನೋಡಿದ. ಆಮೇಲೆ ಗುದ್ದಲಿ ಎತ್ತಿದ. ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕುತ್ತ ಹೋದೆ. ಅರ್ಧ ಆಳ ಆದ ಮೇಲೆಯೇ ನನಗೆ ಗೊತ್ತಾದದ್ದು.

ಗುಂಡಿ ಚೌಕವಾಗಿರಲಿಲ್ಲ. ತೆಂಕಣದಿಂದ ಬಡಗಣಕ್ಕೆ ಆರಡಿ ಉದ್ದ, ಮೂರಡಿ ಅಗಲ, ಸೊಂಟದ ಮಟ್ಟ ಆಳ. ಗೋಡೆ ಕೆತ್ತಿದಷ್ಟು ನುಣುಪು. ಐವತ್ತು ವರ್ಷ ಒಂದೇ ನಮೂನೆಯ ಗುಂಡಿ ತೋಡಿದ ಕೈ ಅದು. ಬೇಕಂತಲೇ ಮಾಡಿದನೋ, ಕೈ ತನ್ನ ರೂಢಿಗೆ ಹೋಯಿತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮಡಿ ಉಟ್ಟು ಬಂದ ಅಯ್ಯನವರು ಗುಂಡಿಯನ್ನು ನೋಡಿ ನಾಲ್ಕು ಹೆಜ್ಜೆ ಹಿಂದೆ ಸರಿದರು. “ಶಿವ ಶಿವಾ! ಸಾವ್ಕಾರ್ರ, ಏನಿದು?”

ಸಾಹುಕಾರರೂ ಮಡಿಯಲ್ಲಿದ್ದರು. ಹೆಂಡತಿ ಸುಮಿತ್ರವ್ವನವರ ಕೈಯಲ್ಲಿ ಪೂಜೆಯ ತಾಟು ಇತ್ತು. “ಏ ಭಾಡ್ಯಾ! ಹೆಣದ ಗುಂಡಿ ತೋಡೀಯಲ್ಲೋ ಸೂಳಿಮಗನ! ನಿಮ್ಮವ್ವನ್ನ ಮಲಗಸಾಕ ತೋಡೀಯೇನಲೇ?”

ಕಾಕಾ ಗುದ್ದಲಿಯ ಮಣ್ಣು ಒರೆಸುತ್ತಿದ್ದ. “ನನಗ ಬ್ಯಾರೆ ನಮೂನಿ ಬರಂಗಿಲ್ರಿ ಯಪ್ಪಾ.”

“ಮುಚ್ಚಲೇ! ಮುಹೂರ್ತ ಮೀರತೈತಿ. ಮುಚ್ಚಿ ಆ ಕಡೆ ಇನ್ನೊಂದು ತೋಡು.”

“ಮುಚ್ಚಾಕ ಬರಂಗಿಲ್ರಿ.”

“ಯಾಕ ಬರಂಗಿಲ್ಲಲೇ?”

“ಇಲ್ಲಿ ತೋಡಿದ್ದನ್ನ ಖಾಲಿ ಮುಚ್ಚಂಗಿಲ್ರಿ. ನಮ್ಮಲ್ಲಿ ಪದ್ಧತಿ ಇಲ್ಲ.”

ಕುರ್ಚಿಗಳ ಕಡೆ ಗುಸುಗುಸು ಎದ್ದಿತು. ಶೀತಲ್ ಮೇಡಂ ಗುಂಡಿಯನ್ನು ನೋಡಿದರು, ಬ್ಯಾನರ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಫೈಲು ಮಡಚಿ ಕುರ್ಚಿಗಳ ಕಡೆ ತಿರುಗಿದರು. ಆ ಕ್ಷಣಕ್ಕೆ ನನಗೆ ಸಾಹುಕಾರರಿಗಿಂತ ಆ ಒಳ್ಳೆಯ ಹೆಣ್ಣುಮಗಳ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಅತ್ತೆ ಯಾವಾಗ ಒಳಗೆ ಬಂದಳೋ ಯಾರೂ ನೋಡಿರಲಿಲ್ಲ. ಹುಣಸೇಮರದ ಕಡೆಯಿಂದ ಬರುತ್ತಿದ್ದಳು, ಉಡಿಯಲ್ಲಿ ಏನನ್ನೋ ಕಟ್ಟಿಕೊಂಡು. ಶಾಮಿಯಾನದ ನೆರಳು ದಾಟಿ, ಕುರ್ಚಿಗಳ ನಡುವೆಯೇ ನಡೆದಳು. ಸೀರೆಗಳು ಸರಿದು ದಾರಿ ಬಿಟ್ಟವು. ಗುಂಡಿಯ ಅಂಚಿಗೆ ಬಂದು ಕುಳಿತು, ಕಾಲು ಇಳಿಬಿಟ್ಟು, “ಕೈ ಹಿಡಿಯೋ ಹುಚ್ಚೀರಾ,” ಅಂದಳು. ಅವನು ಹಿಡಿದ. ಇಳಿದಳು. ಸೆರಗು ಸರಿಮಾಡಿಕೊಂಡು ಬಡಗಣಕ್ಕೆ ತಲೆ ಮಾಡಿ ಮಲಗಿದಳು.

“ಅಳತಿ ಬರೋಬ್ಬರಿ ಐತಿ,” ಅಂದಳು ಒಳಗಿನಿಂದ. “ಖಾಲಿ ಇಲ್ಲ ಈಗ. ಮುಚ್ರಿ.”

ಸಾಹುಕಾರರ ಮುಖ ಕೆಂಪಾಯಿತು. “ಎಳದು ಹೊರಗ ಒಗೀರಿ ಆ ಮುದಿ ರಂಡೀನ!”

ಯಾರೂ ಅಲುಗಲಿಲ್ಲ. ಮಡಿಯಲ್ಲಿದ್ದವರು ಅವಳನ್ನು ಮುಟ್ಟುವ ಹಾಗಿರಲಿಲ್ಲ. ಮುಟ್ಟಬಹುದಾದವರು ಕೂಲಿಯವರು, ನಾವು ಹನ್ನೊಂದು ಮಂದಿ. ನಾವೆಲ್ಲ ನಮ್ಮ ಬುಟ್ಟಿಗಳನ್ನು ನೋಡುತ್ತ ನಿಂತೆವು. ಅಯ್ಯನವರು ಗಡಿಯಾರ ನೋಡಿಕೊಂಡರು. ತಾಟಿನ ಕರ್ಪೂರ ಗಾಳಿಗೆ ಆರಿಹೋಯಿತು, ಸುಮಿತ್ರವ್ವನವರು ಮತ್ತೆ ಹಚ್ಚಲಿಲ್ಲ.

“ಏ ನಾಗರತ್ನಾ! ನಿಮ್ಮತ್ತಿ ಅಲ್ಲೇನ? ಎಬ್ಬಸ್ಲೇ ಅಕೀನ! ಇಲ್ಲಂದ್ರ ನಾಳಿಂದ ಈ ಕಡೆ ಕಾಲ ಇಡಬ್ಯಾಡ!”

ನಾನು ಬುಟ್ಟಿ ಇಳಿಸಿ ಗುಂಡಿಯ ಅಂಚಿಗೆ ಮೊಣಕಾಲೂರಿದೆ. ಅತ್ತೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಬಲಗೈಯನ್ನು ಪಕ್ಕದ ಮಣ್ಣಿನ ಗೋಡೆಗೆ ಒತ್ತಿಕೊಂಡಿದ್ದಳು. ಆ ಗೋಡೆಯ ಆಚೆ ಲೋಹಿತ.

“ಏಳ ಅತ್ತಿ,” ಅಂದೆ. ಅನ್ನಬೇಕಾಗಿತ್ತು, ಅಂದೆ.

“ಏಳೂದಿಲ್ಲವಾ. ನನ್ನ ಜಾಗಾ ಇದು.” ಉಡಿಯಿಂದ ಲೋಳೆಸರದ ಗಿಡ ತೆಗೆದು ನನ್ನ ಕಡೆ ಚಾಚಿದಳು. ನಾಲ್ಕು ತಿಂಗಳು ಮಣ್ಣಿಲ್ಲದೆ, ನೀರಿಲ್ಲದೆ ಮರದ ಬುಡದಲ್ಲಿ ಬಿದ್ದಿದ್ದ ಗಿಡ. ತುದಿಯಷ್ಟೇ ಒಣಗಿತ್ತು, ಒಳಗೆ ಹಸಿರು ಹಂಗೇ ಇತ್ತು. “ತಗೋ. ತಲಿ ಕಡೆ ಹಚ್ಚು. ಇನ್ನೂ ರಗಡ ಅದಾವಲ್ಲಿ.”

ನಾನು ಕೈಯಿಂದಲೇ ಮಣ್ಣು ಕೆದರಿ ಅದನ್ನು ಗುಂಡಿಯ ತಲೆಯ ಕಡೆ ನೆಟ್ಟೆ. ಬೇರಿಗೆ ಮಣ್ಣು ಒತ್ತಿದೆ. ಎದ್ದು ನೋಡಿದಾಗ ಕೂಲಿಯವರಲ್ಲಿ ಇಬ್ಬರು ಹೆಂಗಸರು ಹುಣಸೇಮರದ ಕಡೆ ಹೊರಟಿದ್ದರು. ಓಡುತ್ತಿರಲಿಲ್ಲ. ನೀರಿಗೆ ಹೋಗುವ ಹಾಗೆ ನಿಧಾನವಾಗಿ ಹೋಗುತ್ತಿದ್ದರು. ಅವರ ಹಿಂದೆ ಇನ್ನೊಬ್ಬಳು ಹೊರಟಳು.

“ಜೆಸಿಬಿ ತರ್ಸಲೇ ಪುಂಡಲೀಕ್ಯಾ!” ಹಾರ ತಂದು ನಿಂತಿದ್ದ ಮೇಸ್ತ್ರಿಗೆ ಸಾಹುಕಾರರು ಕೂಗಿದರು. “ಮಣ್ಣ ಎಳೀಲಿ ಮ್ಯಾಲ! ಹೆಂಗ ಮಕ್ಕೋತಾಳ ನೋಡೂಣು!”

ರಸ್ತೆಯ ಕಡೆಯಿಂದ ಇಂಜಿನ್ ಚಾಲೂ ಆದ ಸದ್ದು ಬಂತು. ಹುಚ್ಚೀರಪ್ಪ ಕಾಕಾ ಗುದ್ದಲಿಯನ್ನು ಹೆಗಲಿಗೇರಿಸಿ ಗುಂಡಿಯ ಬಾಯಿಗೆ ಅಡ್ಡ ನಿಂತ.

“ಅಗಲ ತೋಡ್ಯಾನ ಹುಚ್ಚೀರ,” ಅತ್ತೆ ಗೋಡೆಯ ಕಡೆ ಸರಿದಳು. “ನಿನಗೂ ಜಾಗಾ ಆಕ್ಕೈತಿ. ಬರ್ತೀಯೇನು?”

ನಾನು ಚಪ್ಪಲಿ ಬಿಟ್ಟು ಇಳಿದೆ. ಅತ್ತೆಯ ಮಗ್ಗುಲಿಗೆ ಮಲಗಿದೆ. ಮಣ್ಣು ತಣ್ಣಗಿತ್ತು. ಮೇಲೆ ಒಂದು ಉದ್ದನೆಯ ತುಂಡು ಆಕಾಶ, ಅದರ ಅಂಚಿಗೆ ಲೋಳೆಸರದ ಎರಡು ಎಲೆ. ಇಂಜಿನ್ನಿನ ಸದ್ದು ಹತ್ತಿರ ಬರುತ್ತಿತ್ತು, ಬೆನ್ನ ಕೆಳಗಿನ ನೆಲ ಸಣ್ಣಗೆ ನಡುಗುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು. ಆದರೂ, ಎಷ್ಟೋ ತಿಂಗಳ ಮೇಲೆ ಕಲ್ಲು ಹೊತ್ತ ನನ್ನ ಸೊಂಟಕ್ಕೆ ನೆಲದ ಆಸರೆ ಸಿಕ್ಕಿತ್ತು.