ಇನ್ನೂ ಸ್ವಲ್ಪ ಎಡಕ್ಕೆ

“ಎಡಕ್ಕೆ ಸರಿಸಿ. ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!”

ಸ್ಟೂಲಿನ ಮೇಲೆ ಕೆಳಗಿದ್ದವರ ಕಡೆ ತಿರುಗಿ ನಿಂತಿದ್ದವನು ಫೋಟೋವನ್ನು ಮತ್ತೆ ಸರಿಸಿದ. ಉಪಗ್ರಹದಿಂದ ಉಪಗ್ರಹಕ್ಕೆ ಸುದ್ದಿ ಒಯ್ಯುವ ಲೇಸರ್ ಕಿರಣಕ್ಕೆ ಗುರಿ ಹಿಡಿಯುವುದು ಅವನ ಕೆಲಸ. ಫೋಟೋದಲ್ಲಿದ್ದವರು ಅವನ ಮೇಲಧಿಕಾರಿ. ಕಿರಣವನ್ನು ತಿರುಗಿಸುವ ಕನ್ನಡಿ ಅವನ ಕೈಯಲ್ಲಿದ್ದುದರಿಂದ ಆಫೀಸಿನಲ್ಲಿ ಅವನ ಅಡ್ಡಹೆಸರೂ ಕನ್ನಡಿ. ಸಾವಿರಾರು ಕಿಲೋಮೀಟರು ದೂರಕ್ಕೂ ತಪ್ಪದ ಗುರಿ ಒಂದು ಮೊಳೆಯ ಮುಂದೆ ಸೋತಿತ್ತು.

“ಎಲ್ಲಿಟ್ರೂ ಅಣ್ಣ ಸ್ವಿಚ್‌ಬೋರ್ಡನ್ನೇ ನೋಡ್ತಾನೆ. ನೆಟ್ಟಗಿರೋ ಫೋಟೋ ಇರ್ಲಿಲ್ವಾ ಅತ್ತಿಗೆ?” ಎಂದಳು ನಾದಿನಿ.

“ಇದ್ದಿದ್ರಲ್ಲಿ ಇದೇ ನೆಟ್ಟಗಿರೋದು,” ಎಂದಳು ಹೆಂಡತಿ.

ಕೆಳಗೆ ಶವದ ಪೆಟ್ಟಿಗೆಯಲ್ಲಿ ಅವರ ಕಣ್ಣುಗಳು ಮುಚ್ಚಿದ್ದವು. ಸ್ಮಶಾನಕ್ಕೆ ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ.

* * *

ಆಸ್ಪತ್ರೆಯಲ್ಲಿ ಗಂಡನ ಮಾತು ನಿಂತ ಮೇಲೆ ಉಳಿದದ್ದು ನೋಟವೊಂದೇ. ಅದೂ ಅವಳ ಕಿವಿಯಾಚೆ ಎಲ್ಲೋ ನೆಟ್ಟಿರುತ್ತಿತ್ತು. ಅವಳು ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡಳು. ನೋಟ ಇನ್ನೂ ಎಡಕ್ಕೆ ಜರುಗಿತು. ಮತ್ತೆ ಎಳೆದಳು. ಗೋಡೆ ಬಂತು.

“ನಾನು ಇಲ್ಲಿದೀನಿ ಕಣ್ರೀ. ಗುರ್ತು ಸಿಕ್ತಾ?”

ನರ್ಸ್ ಬಂದು, ಕುರ್ಚಿ ಎಳೀಬೇಡಿ, ಕೆಳಗಿನ ವಾರ್ಡಿಗೆ ಸದ್ದಾಗುತ್ತೆ ಎಂದಳು.

* * *

ಕನ್ನಡಿ ಸ್ಟೂಲಿನಿಂದ ಇಳಿದದ್ದೇ ಅವಳು ಕೇಳಿದಳು: “ಕೊನೇಲಿ ಅವರಿಗೆ ನನ್ನ ಗುರ್ತು ಇತ್ತೇನಪ್ಪ?”

ಇರಲಾರದು ಎಂದು ಡಾಕ್ಟರು ಅವನಿಗೆ ವರಾಂಡದಲ್ಲೇ ಹೇಳಿದ್ದರು. ಅದು ಬಾಯಿಗೆ ಬರಲಿಲ್ಲ. ಕಸುಬು ಬಂತು.

“ಅಕ್ಕಾ, ಎದುರಿನ ಉಪಗ್ರಹ ಓಡ್ತಾನೇ ಇರುತ್ತೆ. ಅದು ಇರೋ ಕಡೆ ಬೆಳಕು ಬಿಟ್ರೆ, ಬೆಳಕು ಮುಟ್ಟೋ ಹೊತ್ತಿಗೆ ಅದು ಅಲ್ಲಿರಲ್ಲ. ಅದಕ್ಕೇ ಒಂಚೂರು ಮುಂದಕ್ಕೆ ಬಿಡ್ತೀವಿ. ಸರ್‌ಗೆ ಜೀವಮಾನ ಪೂರ್ತಿ ಅದೇ ಅಭ್ಯಾಸ.”

“ಅಂದ್ರೆ ನನ್ನನ್ನೇ ನೋಡ್ತಿದ್ರಾ?”

“ನೀವು ಹೋಗೋ ಕಡೆ.”

“ನಾನೆಲ್ಲಿಗೆ ಹೋಗ್ಲಪ್ಪ? ಅಲ್ಲೇ ಕೂತಿದ್ನಲ್ಲ.”

ಕನ್ನಡಿ ಸ್ಟೂಲನ್ನು ಒರೆಸತೊಡಗಿದ.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಎಲ್ಲರೂ ಎದ್ದು ಪೆಟ್ಟಿಗೆಯ ಸುತ್ತ ಬಂದರು. ಹೆಂಡತಿ ಮಾತ್ರ ಕುರ್ಚಿಯೊಂದನ್ನು ದರದರನೆ ಎಳೆದುಕೊಂಡು ಹೋಗಿ ಸ್ವಿಚ್‌ಬೋರ್ಡಿನ ಕೆಳಗೆ ಹಾಕಿ ಕುಳಿತಳು. ಫೋಟೋ ನೋಡಿದಳು. ಗೇಣಷ್ಟು ಎಡಕ್ಕೆ ಸರಿದಳು.

“ಅತ್ತಿಗೆ, ಎತ್ತುತ್ತಾ ಇದಾರೆ. ಬನ್ನಿ.”

“ಬಂದೆ, ಬಂದೆ.”

ಇನ್ನೂ ಸ್ವಲ್ಪ ಸರಿದು ಕತ್ತೆತ್ತಿದಳು. ತಲೆ ಸ್ವಿಚ್ಚಿಗೆ ತಾಗಿತು. ಹಾಡುಹಗಲೇ ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತಿಕೊಂಡು, ಬೆಳಕೆಲ್ಲ ಫೋಟೋದ ಗಾಜಿನ ಮೇಲೆ ಬಿತ್ತು. ಗಾಜಿನ ಹಿಂದೆ ಕಣ್ಣಿದ್ದ ಜಾಗ ಬೆಳ್ಳಗೆ ಹೊಳೆಯಿತು.